ದೂರ ಹೋದವನ ಬುತ್ತಿ ಯಾರ ಹೊಣೆ?

ಬೆಳಗಿನ ಐದಕ್ಕೆ ನಮ್ಮೂರಿನಿಂದ ಚಿಕ್ಕೋಡಿ ಕಡೆ ಹೋಗುವ ರಸ್ತೆಯಲ್ಲಿ ನಿಂತರೆ ಹುಡುಗರು ಗುಂಪುಗುಂಪಾಗಿ ಓಡುವುದು ಕಾಣುತ್ತದೆ. ಅಗ್ನಿವೀರ ಭರ್ತಿಯ ತಯಾರಿ. ರಾಯಬಾಗ, ಅಥಣಿ, ಕಾಗವಾಡದ ಕಡೆಯೂ ಇದೇ ನೋಟ. ನಿಪ್ಪಾಣಿಯ ಹೆದ್ದಾರಿ ಪಕ್ಕದಲ್ಲಿ ಓಡುವವರಿಗೆ ಒಮ್ಮೊಮ್ಮೆ ಮಿಲಿಟರಿ ಟ್ರಕ್ಕುಗಳ ಸಾಲು ಎದುರಾಗುತ್ತದೆ. ಆ ದಿನ ಅವರ ಓಟ ಇನ್ನಷ್ಟು ಚುರುಕಾಗುತ್ತದಂತೆ. ನನ್ನ ತಮ್ಮನೂ ಆ ಹುಡುಗರಲ್ಲೊಬ್ಬ.

ಮೊನ್ನೆ ಅವನು ಸೈನಿಕರ ಪ್ರತಿಜ್ಞೆಯನ್ನು ಗಟ್ಟಿಯಾಗಿ ಓದುತ್ತಿದ್ದ. ನೆಲ, ಸಮುದ್ರ, ಆಕಾಶ ಯಾವ ಮಾರ್ಗವಾದರೂ ಸರಿ, ಆಜ್ಞೆಯಾದಲ್ಲಿಗೆ ಹೋಗುತ್ತೇನೆ ಎಂಬ ಮಾತು ಅದರಲ್ಲಿದೆ. ಮೂಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ಆಯಿ ಕೇಳಿದಳು: “ಅಲ್ಲೋ ತಮ್ಮಾ, ಸಮುದ್ರದ ಆಚಿಗೆ ಕಳಿಸಿದ್ರ ಅಲ್ಲಿ ನಿನಗ ಊಟ ಯಾರು ತಂದು ಕೊಡ್ತಾರ?”

“ಸರ್ಕಾರ ಕೊಡ್ತೈತಿ, ಆಯಿ.”

“ಸರ್ಕಾರ ಅಂದ್ರ ಯಾರು?”

ತಮ್ಮ ನಕ್ಕು ಸುಮ್ಮನಾದ. ನನಗೆ ನಗು ಬರಲಿಲ್ಲ. ಯಾಕೆಂದರೆ ಆಯಿಯ ಈ ಪ್ರಶ್ನೆಗೆ ನೂರು ವರ್ಷ ದಾಟಿದೆ.

ನಮ್ಮ ಮನೆಯಲ್ಲಿ ಒಂದು ಮಾತಿದೆ. ಸಂತೆಗೆ ಹೋದವರು ಕತ್ತಲಾದರೂ ಬರದಿದ್ದರೆ “ಬಸ್ರಾಕ್ಕ ಹೋಗ್ಯಾನೇನ?” ಅನ್ನುತ್ತಾರೆ. ಚಿಕ್ಕವಳಿದ್ದಾಗ ಬಸ್ರಾ ಅಂದರೆ ಯಾವುದೋ ದೂರದ ಜಾತ್ರೆ ಅಂದುಕೊಂಡಿದ್ದೆ. ಕಾಲೇಜಿಗೆ ಬಂದ ಮೇಲೆ ಗೊತ್ತಾಯಿತು, ಅದು ಇರಾಕಿನ ಬಂದರು. ಆಯಿಯ ಮಾವನ ಕಾಕಾ ಒಬ್ಬರು ಮೊದಲ ಮಹಾಯುದ್ಧದಲ್ಲಿ ಅಲ್ಲಿಗೆ ಹೋದವರು, ಮರಳಲಿಲ್ಲ. ಯಾವ ಪಲ್ಟನ್, ಎಲ್ಲಿ ಸತ್ತರು, ಗುಂಡಿಗೋ ಹಸಿವಿಗೋ, ಯಾವುದೂ ಮನೆಯವರಿಗೆ ಗೊತ್ತಿಲ್ಲ. ಉಳಿದದ್ದು ಆ ಊರಿನ ಹೆಸರು ಮಾತ್ರ.

ಆ ಹೆಸರು ಹಿಡಿದುಕೊಂಡು ಗ್ರಂಥಾಲಯದಲ್ಲಿ ಹುಡುಕತೊಡಗಿದೆ. 1914ರ ನವೆಂಬರ್‌ನಲ್ಲಿ ಬ್ರಿಟಿಷರು ಮೆಸಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಭಾರತದಿಂದ ಸೈನ್ಯ ಕಳಿಸಿದರು. ಹೋದದ್ದು 6ನೇ ಪೂನಾ ಡಿವಿಜನ್. ಅದರೊಳಗಿನ 18ನೇ ಬ್ರಿಗೇಡಿಗೆ ಬೆಳಗಾವಿ ಬ್ರಿಗೇಡ್ ಎಂದೇ ಹೆಸರು. 103, 110 ಮತ್ತು 117ನೇ ಮರಾಠಾ ಪಲ್ಟನ್‌ಗಳು ಈ ಡಿವಿಜನ್ನಿನಲ್ಲಿದ್ದವು. ಯುದ್ಧ ಮುಗಿದ ಮೇಲೆ ಮರಾಠಾ ಪಲ್ಟನ್‌ಗಳನ್ನು ಒಂದುಗೂಡಿಸಿ 1922ರಲ್ಲಿ ಬೆಳಗಾವಿಯನ್ನು ಅವುಗಳ ಕೇಂದ್ರ ಮಾಡಿದರು. ಇವತ್ತು ನಾವು ಕ್ಯಾಂಪಿನಲ್ಲಿ ನೋಡುವ ಮರಾಠಾ ಲಘು ಪದಾತಿದಳದ ಕೇಂದ್ರ ಅದೇ.

ಬಸ್ರಾ ಸುಲಭವಾಗಿ ಕೈಗೆ ಬಂತು. ಅಲ್ಲಿಂದ ಬಾಗ್ದಾದ್‌ಗೆ ಆಗ ರೈಲಿಲ್ಲ, ನೆಟ್ಟಗಿನ ರಸ್ತೆಯೂ ಇಲ್ಲ. ಇದ್ದ ದಾರಿ ಟೈಗ್ರಿಸ್ ನದಿಯೊಂದೇ. ಸಮುದ್ರದ ಹಡಗು ಬಸ್ರಾದಲ್ಲಿ ನಿಲ್ಲಬೇಕು, ಮುಂದಕ್ಕೆ ಕಡಿಮೆ ನೀರಿನಲ್ಲಿ ತೇಲುವ ಚಪ್ಪಟೆ ತಳದ ಸ್ಟೀಮರುಗಳೇ ಬೇಕು. ನಮ್ಮ ಕೃಷ್ಣೆ ಬೇಸಿಗೆಯಲ್ಲಿ ಹೇಗೆ ಮರಳಿನ ದಿಬ್ಬಗಳ ನಡುವೆ ಹರಿದಾಡುತ್ತಾಳೋ ಹಾಗೆಯೇ ಆ ನದಿಯೂ ತಿರುವು ತಿರುವಾಗಿ ಹರಿಯುವುದು, ಬೇಸಿಗೆಯ ಕೊನೆಗೆ ಬತ್ತುವುದು. ಸೈನ್ಯ ಮುಂದೆ ಹೋದಷ್ಟೂ ಪ್ರತಿ ಮೂಟೆ ಹಿಟ್ಟು, ಪ್ರತಿ ಪೆಟ್ಟಿಗೆ ಗುಂಡು ಅಷ್ಟೇ ದೂರ ದೋಣಿಯಲ್ಲಿ ಬರಬೇಕು. ಗಾಯಗೊಂಡವರು ಅದೇ ದೋಣಿಗಳಲ್ಲಿ ಹಿಂದಕ್ಕೆ ಹೋಗಬೇಕು.

ದೋಣಿ ಸಾಲದು ಎಂದು ಯಾರಿಗೂ ಗೊತ್ತಿರಲಿಲ್ಲವೇ? ಎಲ್ಲರಿಗೂ ಗೊತ್ತಿತ್ತು. ಅಲ್ಲಿನ ಸೇನಾಪತಿ ಜಾನ್ ನಿಕ್ಸನ್ 1915ರ ಬೇಸಿಗೆಯಲ್ಲೇ ಹೆಚ್ಚಿನ ಸ್ಟೀಮರು ಕೇಳಿದ್ದರು. ಕಾಗದ ಭಾರತಕ್ಕೆ ಬಂತು, ಇಲ್ಲಿಂದ ಲಂಡನ್ನಿಗೆ ಹೋಯಿತು. ಕಟ್ಟಿ ಕಳಿಸುವುದು ಮುಂದಿನ ವರ್ಷದ ಮಾತಾಯಿತು. ಬಸ್ರಾದಿಂದ ಸಣ್ಣ ರೈಲು ಹಾಕೋಣ ಎಂದರೆ ಭಾರತ ಸರ್ಕಾರ ಖರ್ಚಿನ ನೆಪ ಹೇಳಿತು. ಇಷ್ಟಾಗಿಯೂ 1915ರ ಅಕ್ಟೋಬರ್‌ನಲ್ಲಿ ಬಾಗ್ದಾದ್ ಕಡೆ ನಡೆಯಲು ಅಪ್ಪಣೆ ಸಿಕ್ಕಿತು. ಸ್ಟೀಮರು ಬೇಕು ಎಂದು ಕೇಳಿದ ನಿಕ್ಸನ್ನರೇ, ಅವು ಬರುವ ಮೊದಲೇ, ಮುಂದೆ ಹೋಗಬಹುದು ಎಂದರು. ವೈಸರಾಯ್ ಹಾರ್ಡಿಂಜ್ ಒಪ್ಪಿದರು, ಲಂಡನ್ನಿನ ಮಂತ್ರಿಮಂಡಲವೂ ಒಪ್ಪಿತು.

ನವೆಂಬರ್ 22ರಂದು ಬಾಗ್ದಾದ್‌ಗಿಂತ ಈಚೆ ಟೆಸಿಫಾನ್‌ನಲ್ಲಿ ಭಾರಿ ಕಾಳಗ. ಸುಮಾರು 4,600 ಜನ ಸತ್ತರು ಇಲ್ಲವೇ ಗಾಯಗೊಂಡರು. ಗಾಯಾಳುಗಳನ್ನು ಸ್ಪ್ರಿಂಗ್ ಇಲ್ಲದ ಗಾಡಿಗಳಲ್ಲಿ ನದಿಯವರೆಗೆ ತಂದು, ಸಾಮಾನು ಹೇರುವ ದೋಣಿಗಳಲ್ಲಿ ಒತ್ತೊತ್ತಾಗಿ ಮಲಗಿಸಿ ಬಸ್ರಾಕ್ಕೆ ಕಳಿಸಿದರು. ದಿನಗಟ್ಟಲೆ ಪ್ರಯಾಣ, ಮದ್ದಿಲ್ಲ, ಬ್ಯಾಂಡೇಜ್ ಬದಲಿಸುವವರಿಲ್ಲ, ಎದ್ದು ಕೂಡ್ರಲು ಜಾಗವಿಲ್ಲ. ಆ ದೋಣಿ ಬಸ್ರಾ ಮುಟ್ಟಿದಾಗ ಅದರ ಸ್ಥಿತಿ ಕಂಡು ವರದಿ ಬರೆದ ಮೇಜರ್ ಕಾರ್ಟರ್ ಎಂಬ ವೈದ್ಯಾಧಿಕಾರಿಗೆ ಮೇಲಿನವರು ಬಂಧಿಸುವ ಬೆದರಿಕೆ ಹಾಕಿದರು. ಸುಳ್ಳು ಬರೆದ ಎಂದಲ್ಲ, ನಡುವೆ ಬಾಯಿ ಹಾಕಿದ ಎಂದು.

ಉಳಿದ ಸೈನ್ಯ ಜನರಲ್ ಟೌನ್‌ಶೆಂಡ್ ಜೊತೆ ಕುತ್ ಎಂಬ ಊರಿಗೆ ಹಿಂದೆ ಸರಿಯಿತು. ಡಿಸೆಂಬರ್ 7ರಿಂದ ಟರ್ಕಿ ಸೈನ್ಯ ಸುತ್ತುಗಟ್ಟಿತು. ಇಲ್ಲಿ ಒಂದು ಸಂಗತಿ ನನ್ನ ತಲೆಯಿಂದ ಹೋಗುವುದೇ ಇಲ್ಲ. ಟೌನ್‌ಶೆಂಡ್ ಮೊದಲು ತಮ್ಮ ಬಳಿ ಎರಡು ತಿಂಗಳಿಗೆ ಸಾಲುವಷ್ಟು ಆಹಾರವಿದೆ ಎಂದು ತಂತಿ ಕಳಿಸಿದರು. ಇದನ್ನು ನಂಬಿ, ಬಿಡಿಸಲು ಹೊರಟ ಸೈನ್ಯ ಜನವರಿಯಲ್ಲಿ ಪೂರ್ತಿ ಕೂಡುವ ಮೊದಲೇ ಅವಸರ ಅವಸರವಾಗಿ ಮುನ್ನುಗ್ಗಿ ಸಾವಿರಾರು ಜನರನ್ನು ಕಳೆದುಕೊಂಡಿತು. ಜನವರಿ ಕೊನೆಗೆ ಊರೊಳಗಿನ ಮನೆ ಮನೆ ಹುಡುಕಿಸಿದಾಗ ಕಾಳಿನ ದಾಸ್ತಾನು ಸಿಕ್ಕಿತು, ಇನ್ನೂ 84 ದಿನ ತಡೆಯಬಲ್ಲೆ ಎಂದು ಅವರೇ ತಿಳಿಸಿದರು. ಹಗೇವಿನಲ್ಲಿ ಜೋಳ ಎಷ್ಟಿದೆ ಎಂದು ನಮ್ಮ ಕಡೆ ಯಾವ ಗೃಹಿಣಿಯನ್ನು ಕೇಳಿದರೂ ಹೇಳುತ್ತಿದ್ದಳು. ಒಂದು ಡಿವಿಜನ್ನಿನಲ್ಲಿ ಅದನ್ನು ಎಣಿಸುವುದು ಯಾರ ಕೆಲಸವಾಗಿತ್ತು?

ಮುಂದಿನದು ಹಸಿವಿನ ಕತೆ. ಕುದುರೆ ಮಾಂಸ ತಿನ್ನಬಹುದೆಂದು ಭಾರತದ ಧರ್ಮಗುರುಗಳಿಂದ ತಂತಿ ತರಿಸಿದರೂ ನಮ್ಮ ಬಹಳಷ್ಟು ಸಿಪಾಯಿಗಳು ಮುಟ್ಟಲಿಲ್ಲ. ಸ್ಕರ್ವಿ ಬಂತು. ಏಪ್ರಿಲ್‌ನಲ್ಲಿ ವಿಮಾನದಿಂದ ಹಿಟ್ಟಿನ ಮೂಟೆ ಎಸೆದರು, ಕೆಲವು ನದಿಗೆ ಬಿದ್ದವು, ಕೆಲವು ಶತ್ರುವಿನ ಕಡೆ. 24ರ ರಾತ್ರಿ ಜುಲ್ನಾರ್ ಎಂಬ ಸ್ಟೀಮರು 270 ಟನ್ ಆಹಾರ ಹೇರಿಕೊಂಡು ಶತ್ರುವಿನ ಗುಂಡಿನ ನಡುವೆ ನುಗ್ಗಿತು, ಊರು ಮುಟ್ಟುವ ಮೊದಲೇ ನೆಲ ಕಚ್ಚಿ ನಿಂತಿತು. 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಶರಣಾದರು. ಅವರನ್ನು ಬಿಡಿಸಲು ಹೋಗಿ ಸತ್ತವರು, ಗಾಯಗೊಂಡವರು ಸುಮಾರು 23,000. ಸೆರೆಸಿಕ್ಕವರಲ್ಲಿ ಸಾವಿರಾರು ಜನ ಮರುಭೂಮಿಯ ನಡಿಗೆಯಲ್ಲಿ, ಸೆರೆಯ ಬಿಡಾರಗಳಲ್ಲಿ ಸತ್ತರು. ಇದೆಲ್ಲ ನಡೆಯುವಾಗ ಬಸ್ರಾದಲ್ಲಿ ಸರಕು ತುಂಬಿದ ಹಡಗುಗಳು ಇಳಿಸಿಕೊಳ್ಳುವವರಿಲ್ಲದೆ ವಾರಗಟ್ಟಲೆ ಕಾಯುತ್ತ ನಿಂತಿದ್ದವು. ಮುಂದೆ ಹೋಗಲು ದೋಣಿಯಿಲ್ಲದೆ ಸಾವಿರಾರು ಸೈನಿಕರು ಅಲ್ಲೇ ಕೂತಿದ್ದರು.

ಇದನ್ನು ಓದುವಾಗ ನನಗೆ 2019ರ ಆಗಸ್ಟ್ ನೆನಪಾಯಿತು. ಯುದ್ಧಕ್ಕೂ ನೆರೆಗೂ ಏನು ಸಂಬಂಧ ಅನ್ನಬೇಡಿ. ಆ ವರ್ಷ ಕೃಷ್ಣೆ, ದೂಧಗಂಗೆ, ವೇದಗಂಗೆ ಒಟ್ಟಿಗೆ ಏರಿ ನಮ್ಮ ಐದೂ ತಾಲ್ಲೂಕುಗಳ ನದಿದಂಡೆ ಮುಳುಗಿದ್ದು ನಿಮಗೆಲ್ಲ ಗೊತ್ತು. ನಾನಾಗ ಎಂಟನೇ ಇಯತ್ತೆ. ನಮ್ಮ ಶಾಲೆಯೇ ಗಂಜಿ ಕೇಂದ್ರ. ಎಲ್ಲೆಲ್ಲಿಂದಲೋ ಲಾರಿಗಳು ಬಂದವು. ಅಕ್ಕಿ, ಬಿಸ್ಕಿಟ್, ಖಡಕ್ ರೊಟ್ಟಿ, ಹೊದಿಕೆ. ಒಂದು ಕೋಣೆ ತುಂಬಿತು, ಇನ್ನೊಂದೂ ತುಂಬಿತು. ಚಪಾತಿ ಬೂಸ್ಟು ಹಿಡಿದು ಎಮ್ಮೆಗೆ ಹಾಕಿದೆವು. ಆದರೆ ಹಳ್ಳದ ಆಚೆ ತೋಟದ ಮನೆಗಳಲ್ಲಿ ದನ ಬಿಟ್ಟು ಬರಲೊಲ್ಲದೆ ಉಳಿದಿದ್ದ ಹತ್ತಾರು ಜನರಿಗೆ ಎರಡು ದಿನ ಏನೂ ಮುಟ್ಟಲಿಲ್ಲ. ಇದ್ದದ್ದು ಒಂದೇ ಬೋಟು. ಅದು ಯಾರ ಮಾತು ಕೇಳಬೇಕು ಎಂಬುದೇ ತೀರ್ಮಾನವಾಗಲಿಲ್ಲ. ಒಬ್ಬ ಸಾಹೇಬರು ಇನ್ನೊಬ್ಬ ಸಾಹೇಬರನ್ನು ಕೇಳಿ ಅಂದರು, ಅವರು ಫೋನ್ ಎತ್ತಲಿಲ್ಲ. ಯಾರೂ ಕೆಟ್ಟವರಲ್ಲ. ಎಲ್ಲರೂ ನಿದ್ದೆಗೆಟ್ಟು ಓಡಾಡುತ್ತಿದ್ದವರೇ.

ಮೂರನೇ ದಿನ ನಮ್ಮ ಓಣಿಯ ಸುಬೇದಾರ ಮಾಮಾ ಒಂದು ಟೇಬಲ್ ಹಾಕಿಸಿ ಕೂತರು. ಅವರು ಆರ್ಮಿ ಸರ್ವಿಸ್ ಕೋರ್‌ನಿಂದ ನಿವೃತ್ತರಾದವರು. ಸೈನ್ಯಕ್ಕೆ ರೇಷನ್, ಪೆಟ್ರೋಲು, ವಾಹನ ನೋಡಿಕೊಳ್ಳುವ ವಿಭಾಗ ಅದು. ಅವರು ಹಾಕಿದ ಷರತ್ತು ಒಂದೇ: “ಬೋಟ್ ನಾ ಹೇಳಿದಲ್ಲಿ ಹೋಗಬೇಕು, ಬ್ಯಾಡ ಅಂದಲ್ಲಿ ನಿಂದ್ರಬೇಕು. ಇದು ಆಗೂದಿಲ್ಲಂದ್ರ ಈಗ ಏಳ್ತೀನಿ.” ಎಲ್ಲರೂ ಹೂಂ ಅಂದರು. ನೋಟ್‌ಬುಕ್ಕಿನಲ್ಲಿ ಮನೆ, ತಲೆ, ದನ, ಮದ್ದು ಬರೆದುಕೊಂಡರು. ಮಧ್ಯಾಹ್ನದೊಳಗೆ ಆಚೆ ದಂಡೆಗೆ ಅನ್ನ ಮುಟ್ಟಿತು. ಬೋಟಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಬಂದ ಒಬ್ಬ ದೊಡ್ಡ ಮನುಷ್ಯರನ್ನು ಅವರು ಹತ್ತಿಸಲಿಲ್ಲ ಎಂಬುದು ಊರಿನಲ್ಲಿ ಇವತ್ತಿಗೂ ಚರ್ಚೆ.

ಮಾಮಾ ಹಾಕಿದ ಆ ಷರತ್ತಿನಲ್ಲೇ ನನ್ನ ಇಡೀ ವಾದ ಅಡಗಿದೆ. ಸರಬರಾಜಿನ ಹೊಣೆ ಹೊರಿಸುವಾಗ ‘ಸಾಲುವುದಿಲ್ಲ, ಮುಂದೆ ಹೋಗಬೇಡಿ’ ಎನ್ನುವ ಅಧಿಕಾರವನ್ನೂ ಅದರ ಜೊತೆಗೇ ಕೊಡಬೇಕು. ಅಧಿಕಾರವಿಲ್ಲದ ಹೊಣೆ ಅಂದರೆ ತಪ್ಪಾದಾಗ ಬೈಸಿಕೊಳ್ಳಲು ಒಬ್ಬನನ್ನು ಮೊದಲೇ ಹುಡುಕಿಟ್ಟುಕೊಂಡಂತೆ.

ಸೋಜಿಗವೆಂದರೆ ಬ್ರಿಟಿಷ್ ಭಾರತದಲ್ಲಿ ಒಂದು ಕಾಲಕ್ಕೆ ಇಂಥ ಏರ್ಪಾಟು ಇತ್ತು. ಸೈನ್ಯ ನಡೆಸುವವರು ಸರಸೇನಾಪತಿ. ಸೈನ್ಯದ ಆಡಳಿತ, ಸಾಮಾನು ಸರಂಜಾಮು, ಸಾಗಣೆ ನೋಡುವವರು ವೈಸರಾಯರ ಮಂಡಳಿಯ ಮಿಲಿಟರಿ ಸದಸ್ಯರು. ಸೇನಾಪತಿ ಏನೇ ಕೇಳಿದರೂ ಅದು ಆಗುತ್ತದೋ ಇಲ್ಲವೋ ಎಂದು ಎದುರು ಕೂತು ಹೇಳಬಲ್ಲ ಇನ್ನೊಬ್ಬ ಇದ್ದ. ಸೇನಾಪತಿ ಕಿಚನರ್‌ಗೆ ಇದು ಸರಿಬರಲಿಲ್ಲ, ವೈಸರಾಯ್ ಕರ್ಜನ್‌ ಬಿಟ್ಟುಕೊಡಲಿಲ್ಲ. ಜಗಳ ಲಂಡನ್ನಿಗೆ ಹೋಗಿ 1905ರಲ್ಲಿ ಕರ್ಜನ್ ರಾಜೀನಾಮೆ ಕೊಟ್ಟರು. ಪಠ್ಯಪುಸ್ತಕದಲ್ಲಿ ನಾವು ಬಂಗಾಳ ವಿಭಜನೆಗೆ ಮಾತ್ರ ಕರ್ಜನ್‌ನನ್ನು ಓದುತ್ತೇವೆ, ಈ ಜಗಳವನ್ನು ಓದುವುದಿಲ್ಲ. ಆಮೇಲೆ ಸರಬರಾಜಿಗೆಂದೇ ಒಂದು ಸಣ್ಣ ಇಲಾಖೆ ಉಳಿಸಿದರು, 1909ರಲ್ಲಿ ಅದನ್ನೂ ಮುಚ್ಚಿದರು. ಐದು ವರ್ಷದ ನಂತರ ಯುದ್ಧ ಬಂದಾಗ ಬೀಚಮ್ ಡಫ್ ಎಂಬ ಒಬ್ಬರೇ ಎರಡೂ ಕುರ್ಚಿಯಲ್ಲಿ ಕೂತಿದ್ದರು. ಕೇಳುವವರೂ ಅವರೇ, ಕೊಡುವವರೂ ಅವರೇ.

ಕುತ್ ಬಿದ್ದ ಮೇಲೆ ಲಂಡನ್ ಪಾರ್ಲಿಮೆಂಟು ಮೆಸಪೊಟೇಮಿಯಾ ಆಯೋಗ ನೇಮಿಸಿತು. 1917ರ ಜೂನ್‌ನಲ್ಲಿ ವರದಿ ಬಂತು. ಸರಸೇನಾಪತಿಯ ಕೆಲಸ, ಮಂಡಳಿಯ ಮಿಲಿಟರಿ ಸದಸ್ಯನ ಕೆಲಸ ಎರಡನ್ನೂ ಯುದ್ಧಕಾಲದಲ್ಲಿ ಒಬ್ಬನೇ ಮಾಡಲಾಗದು ಎಂದು ಅದು ಬರೆಯಿತು. ಹೊಣೆಯನ್ನು ಹೆಸರು ಹಿಡಿದು ಸಾಲಾಗಿ ಹಂಚಿತು: ಎಲ್ಲಕ್ಕಿಂತ ಭಾರ ನಿಕ್ಸನ್ ಮೇಲೆ, ನಂತರ ಹಾರ್ಡಿಂಜ್, ಡಫ್, ಇಂಡಿಯಾ ಆಫೀಸಿನ ಮಿಲಿಟರಿ ಕಾರ್ಯದರ್ಶಿ ಬ್ಯಾರೊ, ಭಾರತ ಮಂತ್ರಿ ಚೇಂಬರ್ಲಿನ್, ಕೊನೆಗೆ ಮಂತ್ರಿಮಂಡಲದ ಯುದ್ಧ ಸಮಿತಿ. ಚೇಂಬರ್ಲಿನ್ ರಾಜೀನಾಮೆ ಕೊಟ್ಟರು. ಶಿಕ್ಷೆ ಯಾರಿಗೂ ಆಗಲಿಲ್ಲ. ಅವರ ಜಾಗಕ್ಕೆ ಬಂದ ಮಾಂಟೆಗು ಅದೇ ಆಗಸ್ಟ್ 20ರಂದು, ಭಾರತಕ್ಕೆ ಹಂತ ಹಂತವಾಗಿ ಜವಾಬ್ದಾರಿ ಸರ್ಕಾರ ಕೊಡುತ್ತೇವೆ ಎಂಬ ಘೋಷಣೆ ಮಾಡಿದರು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಬರುವ ಆ ಘೋಷಣೆಯ ಹಿಂದುಮುಂದಿನಲ್ಲಿ ಟೈಗ್ರಿಸ್‌ನ ದೋಣಿಗಳೂ ಇದ್ದವು ಎಂದು ನನಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಮಾತು. 1916ರ ಫೆಬ್ರುವರಿಯಲ್ಲಿ ಲಂಡನ್ನಿನ ಯುದ್ಧ ಇಲಾಖೆ ಈ ರಣರಂಗವನ್ನು ತನ್ನ ಕೈಗೆ ತೆಗೆದುಕೊಂಡಿತ್ತು. ಸ್ಟೀಮರುಗಳು ಬಂದವು, ಬಂದರು ಕಟ್ಟಿದರು, ರೈಲು ಹಾಕಿದರು. ಸಿದ್ಧತೆ ಮುಗಿಯುವವರೆಗೂ ಸೈನ್ಯವನ್ನು ತಡೆದು ನಿಲ್ಲಿಸಿದರು. 1917ರ ಮಾರ್ಚ್ 11ರಂದು ಬಾಗ್ದಾದ್ ಬಿತ್ತು. ನದಿ ಅದೇ ಆಗಿತ್ತು. ಸಿಪಾಯಿಗಳಲ್ಲಿ ಹೆಚ್ಚಿನವರು ಮೊದಲಿನಂತೆ ಭಾರತದವರೇ.

ಇದು ಹಳೆಯ ಕತೆ, ಬ್ರಿಟಿಷರ ಪಾಪ ಎಂದು ಬಿಟ್ಟುಬಿಡಬಹುದಿತ್ತು. ಆದರೆ ನಮ್ಮ ಸೈನಿಕರು ಈಗಲೂ ಸಮುದ್ರದಾಚೆ ಇದ್ದಾರೆ. ಸುಬೇದಾರ ಮಾಮಾ ಸ್ವತಃ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಕಾಂಗೋ ನೋಡಿಬಂದವರು. ಅಲ್ಲಿನ ವ್ಯವಸ್ಥೆಯನ್ನು ಅವರಿಂದ ಕೇಳಿ ತಿಳಿದೆ. ಸೈನಿಕರನ್ನು ಕಳಿಸುವ ದೇಶಕ್ಕೂ ವಿಶ್ವಸಂಸ್ಥೆಗೂ ಮೊದಲೇ ಒಂದು ಒಪ್ಪಂದ ಆಗುತ್ತದೆ. ಊಟದ ರೇಷನ್, ಇಂಧನ ವಿಶ್ವಸಂಸ್ಥೆಯದು. ಬಂದೂಕು, ಗುಂಡು ಕಳಿಸಿದ ದೇಶದ್ದು. ವಾಹನ ಕೆಟ್ಟರೆ ರಿಪೇರಿ ಯಾರದು, ಡೇರೆ ಯಾರದು, ಬಟ್ಟೆ ಒಗೆಯುವ ಖರ್ಚು ಯಾರದು ಎಂಬುದನ್ನೂ ಬರೆದಿರುತ್ತಾರೆ. 1996ರಿಂದ ಈ ಪದ್ಧತಿ ಇದೆ. ಕಾಗದದ ಮೇಲೆ ಇದಕ್ಕಿಂತ ಚೊಕ್ಕ ಹಂಚಿಕೆ ಸಿಗಲಿಕ್ಕಿಲ್ಲ, ಬ್ರಿಟಿಷರು ಇದರ ಅರ್ಧ ಮಾಡಿದ್ದರೂ ಕುತ್‌ನಲ್ಲಿ ಅಷ್ಟು ಜನ ಸಾಯುತ್ತಿರಲಿಲ್ಲ.

ಆದರೂ ದಕ್ಷಿಣ ಸುಡಾನ್ ನೋಡಿ. 2013ರ ಏಪ್ರಿಲ್ 9ರಂದು ಜೊಂಗ್ಲೆ ಪ್ರಾಂತ್ಯದ ಗುಮುರುಕ್ ಬಳಿ ವಿಶ್ವಸಂಸ್ಥೆಯ ವಾಹನಗಳ ಸಾಲನ್ನು ಕಾಯುತ್ತ ಹೊರಟಿದ್ದ ಐವರು ಭಾರತೀಯ ಯೋಧರು ಹೊಂಚುದಾಳಿಯಲ್ಲಿ ಸತ್ತರು. ಜೊತೆಗಿದ್ದ ಏಳು ನಾಗರಿಕ ನೌಕರರೂ ಸತ್ತರು. ಅದೇ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಬೋರ್ ಎಂಬ ಊರಿನಲ್ಲಿದ್ದ ದಕ್ಷಿಣ ಕೊರಿಯಾದ ತುಕಡಿಗೆ ಗುಂಡು ಸಾಲದಾಯಿತು. ಒಪ್ಪಂದದ ಪ್ರಕಾರ ಅದು ಕೊರಿಯಾದ ಹೊಣೆ, ಆದರೆ ಕೊರಿಯಾ ಬಹಳ ದೂರ. ಕಡೆಗೆ ವಿಶ್ವಸಂಸ್ಥೆಯ ಮೂಲಕ ಜಪಾನಿನ ತುಕಡಿಯಿಂದ 10,000 ಗುಂಡು ಪಡೆದರು. ಎರಡೂ ದೇಶಗಳಲ್ಲಿ ಅದು ದೊಡ್ಡ ಗದ್ದಲವಾಯಿತು, ಮುಂದಿನ ತಿಂಗಳು ಕೊರಿಯಾ ಗುಂಡು ಮರಳಿಸಿತು. ‘ಇದು ಯಾರದು’ ಎಂದು ಒಪ್ಪಂದ ಹೇಳುತ್ತದೆ, ‘ದಾರಿ ಕಡಿದಾಗ ಯಾರು’ ಎಂಬುದಕ್ಕೆ ಬೇರೆಯೇ ಒಂದು ಹೆಸರು ಬೇಕಾಗುತ್ತದೆ.

ನಮ್ಮ ದೇಶದಲ್ಲೂ ಕುರ್ಚಿಗಳು ಈಚೆಗೆ ಬದಲಾಗಿವೆ. 2020ರ ಜನವರಿಯಿಂದ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆ ಬಂದಿದೆ, ಅವರೇ ಮಿಲಿಟರಿ ವ್ಯವಹಾರಗಳ ಇಲಾಖೆಯ ಕಾರ್ಯದರ್ಶಿ ಕೂಡ. ದೊಡ್ಡ ಆಯುಧ ಖರೀದಿ ಮಾತ್ರ ರಕ್ಷಣಾ ಇಲಾಖೆಯಲ್ಲೇ ಉಳಿದಿದೆ. ಮೂರೂ ಪಡೆಗಳ ಸಾಗಣೆ ಒಂದುಗೂಡಲಿ ಎಂಬುದು ಒಳ್ಳೆಯ ಉದ್ದೇಶವೇ. 1909ರದ್ದೇ ತಪ್ಪು ಇಲ್ಲೂ ಆಗುತ್ತಿದೆ ಎಂದು ನಾನು ಹೇಳುವುದಿಲ್ಲ. ಆಗಿನ ಕಾಲ ಬೇರೆ, ಈಗ ಚುನಾಯಿತ ಸರ್ಕಾರವಿದೆ, ಕೇಳುವ ಸಂಸತ್ತಿದೆ. ಆದರೆ ಕೇಳುವ ಸಂಸತ್ತು ಇರುವುದರಿಂದಲೇ ಕೇಳಬೇಕಲ್ಲವೇ?

“ಯುದ್ಧದಲ್ಲಿ ಇಂಥ ಷರತ್ತು ನಡೆಯುವುದಿಲ್ಲ. ಪ್ರತಿಯೊಂದಕ್ಕೂ ರೇಷನ್ ಸಾಹೇಬನ ಸಹಿ ಕಾಯುತ್ತ ಕೂತರೆ ಶತ್ರು ಬಂದು ಮನೆಯೊಳಗೇ ಕೂತಿರುತ್ತಾನೆ” ಎಂದು ನನ್ನ ಗೆಳತಿಯೊಬ್ಬಳು ವಾದಿಸಿದಳು. ನಮ್ಮ ಗಡಿಯಲ್ಲಿ ಅವಳ ಮಾತು ನಿಜ. ಮನೆಗೆ ಬೆಂಕಿ ಬಿದ್ದಾಗ ಕೊಡ ಎಣಿಸುವುದಿಲ್ಲ. ಆದರೆ ಸಮುದ್ರದಾಚೆಯ ನೆಲಕ್ಕೆ ಸೈನಿಕನನ್ನು ಕಳಿಸುವುದು ಬೆಂಕಿ ಆರಿಸುವಷ್ಟು ಅವಸರದ ಕೆಲಸ ಆಗಿರುವುದು ತೀರ ಅಪರೂಪ. ಟೆಸಿಫಾನ್‌ಗೆ ಹೋಗಲೇಬೇಕಾದ ಅವಸರ ಟೌನ್‌ಶೆಂಡರ ಸಿಪಾಯಿಗಳಿಗೆ ಇರಲಿಲ್ಲ. ಅದು ಇದ್ದದ್ದು ಬಾಗ್ದಾದ್ ಗೆದ್ದ ಸುದ್ದಿ ಬೇಕಾಗಿದ್ದವರಿಗೆ.

ಬಸ್ರಾದಲ್ಲಿ ಈಗ ಒಂದು ಸ್ಮಾರಕವಿದೆ. ಆ ರಣರಂಗದಲ್ಲಿ ಸತ್ತು ಸಮಾಧಿ ಸಿಗದ 40,000ಕ್ಕೂ ಹೆಚ್ಚು ಜನರ ನೆನಪಿಗೆ ಕಟ್ಟಿದ್ದು. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆದರು. ಭಾರತದ ಸಾಮಾನ್ಯ ಸಿಪಾಯಿಗಳಿಗೆ ಪಲ್ಟನ್ನಿನ ಹೆಸರು, ಅದರ ಮುಂದೆ ಇಷ್ಟು ಜನ ಎಂಬ ಸಂಖ್ಯೆ. 2021ರಲ್ಲಿ ಆ ಸ್ಮಾರಕಗಳ ಆಯೋಗವೇ ಇಂಥ ಭೇದಭಾವವನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ನಮ್ಮ ಮನೆಯ ಹಿರಿಯರು ಅಲ್ಲಿದ್ದರೆ ಯಾವುದೋ ಒಂದು ಸಂಖ್ಯೆಯೊಳಗೆ ಇದ್ದಾರೆ. ಹೊಣೆ ಹೊರಬೇಕಾದವರ ಹೆಸರುಗಳು ವರದಿಯಲ್ಲಿವೆ, ಸತ್ತವನ ಹೆಸರು ಎಲ್ಲಿಯೂ ಇಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ಸೈನಿಕರ ತುಕಡಿ ಹೊರದೇಶಕ್ಕೆ ಹೊರಡುವ ಮೊದಲು ಸರ್ಕಾರ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಮುಂದೆ ಒಂದು ಹಾಳೆ ಇಡಲಿ. ಗುಟ್ಟಾಗಿಯೇ ಇಡಲಿ, ಪತ್ರಿಕೆಗೆ ಬೇಡ. ಅನ್ನ, ನೀರು, ಗುಂಡು, ಔಷಧ, ಗಾಯಾಳುಗಳ ವಾಪಸಾತಿ ಇಷ್ಟಕ್ಕೂ ಕಟ್ಟಕಡೆಯ ಠಾಣೆಯವರೆಗೆ ಉತ್ತರ ಕೊಡುವ ಒಬ್ಬ ಅಧಿಕಾರಿಯ ಹೆಸರು ಅದರಲ್ಲಿರಲಿ. ದಾರಿ ಕಡಿದರೆ ಎಷ್ಟು ದಿನದ ದಾಸ್ತಾನು ಇದೆ, ಎರಡನೇ ದಾರಿ ಯಾವುದು ಎಂದಿರಲಿ. ಆ ಅಧಿಕಾರಿ ‘ಸಾಲದು’ ಎಂದು ಬರೆದುಕೊಟ್ಟ ಮೇಲೂ ಮುಂದೆ ಕಳಿಸುವುದಾದರೆ, ಕಳಿಸಿದ ಮಂತ್ರಿಯ ಸಹಿ ಅದರ ಕೆಳಗೆ ಇರಲಿ.

ಇದನ್ನೇ ಒಂದು ಪತ್ರವಾಗಿ ನಮ್ಮ ಸಂಸದರಿಗೆ ಬರೆದಿದ್ದೇನೆ. ಆಯಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು. “ಔಷಧ ಅಂತ ಬರದೀಯಲ್ಲ, ಅದನ್ನ ಮೊದಲ ಬರಿ, ಅನ್ನ ಆಮ್ಯಾಲೆ” ಅಂದಳು. ತಿದ್ದಿದ್ದೇನೆ. ಸೋಮವಾರ ಅಂಚೆಗೆ ಹಾಕುತ್ತೇನೆ.